ಮೆಡಿಕಲ್ ಶಾಪಿನ ನೋವಿನ ಕಪಾಟು: ಬೆಲ್ಟು, ಕ್ಯಾಪು, ಜೆಲ್ಲು, ಕೋಲು

ಯಾವ ಊರಿನ ಮೆಡಿಕಲ್ ಶಾಪಿಗೆ ಹೋದರೂ ಕೌಂಟರಿನ ಹಿಂದೆ ಆ ಕಪಾಟು ಇದ್ದೇ ಇರುತ್ತದೆ. ಚರ್ಮದ ಬಣ್ಣದ ಸೊಂಟದ ಬೆಲ್ಟು, ಕಪ್ಪು ಮೊಣಕಾಲು ಕ್ಯಾಪು, ಕುತ್ತಿಗೆ ಕಾಲರ್, ಕ್ರೇಪ್ ಬ್ಯಾಂಡೇಜಿನ ಉರುಳೆ, ಕೆಳಗಿನ ಸಾಲಿನಲ್ಲಿ ಮುಲಾಮು ಮತ್ತು ಜೆಲ್ಲು. ಟೈನರ್, ವಿಸ್ಕೊ, ಫ್ಲಮಿಂಗೊ, ಡೈನಾ, ಪೆಟ್ಟಿಗೆ ಮೇಲಿನ ಹೆಸರು ಯಾವುದಾದರೂ ಇರಲಿ, ಒಂದೇ ದರ್ಜೆಯ ಮಾಲಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಸೊಂಟ ನೋವು ಅಂದರೆ ಸೊಂಟದ್ದು, ಮಂಡಿ ನೋವು ಅಂದರೆ ಮಂಡಿಯದ್ದು ಕೈಗೆ ಬರುತ್ತದೆ. ಟೇಪು ಹಿಡಿದು ಅಳತೆ ತೆಗೆಯುವವರು ಕಡಿಮೆ. ನೋವು ಯಾವಾಗ ಶುರುವಾಯಿತು, ರಾತ್ರಿ ಎಚ್ಚರ ಆಗುತ್ತದೆಯೇ, ಜ್ವರ ಇದೆಯೇ ಎಂದು ಕೇಳುವವರು ಇನ್ನೂ ಕಡಿಮೆ. ವ್ಯತ್ಯಾಸ ಬೀಳುವುದು ಅಲ್ಲೇ.

ಹಾಗಾಗಿ ಇಲ್ಲಿ ಕಂಪನಿಗಳನ್ನು ಒಂದಕ್ಕೊಂದು ಹೋಲಿಸಿಲ್ಲ. ಯಾವ ವಸ್ತು ಯಾವ ನೋವಿಗೆ, ಆ ನೋವು ಅದೇ ಎಂದು ಕಂಡುಕೊಳ್ಳುವುದು ಹೇಗೆ, ಹಾಕಿಕೊಳ್ಳುವಾಗ ಎಲ್ಲಿ ತಪ್ಪಾಗುತ್ತದೆ, ಇದಿಷ್ಟನ್ನೇ ನೋಡಿದ್ದೇವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಅತಿ ಹೆಚ್ಚು ಖರ್ಚಾಗುವ ಬೆಲ್ಟು, ಕ್ಯಾಪು, ಕಾಲರ್ ಮೂರರಿಂದಲೂ ಸಿಗುವ ಉಪಯೋಗ ಸ್ವಲ್ಪವೇ. ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ ಮಣಿಕಟ್ಟನ್ನು ಅಲುಗದಂತೆ ಹಿಡಿಯುವ ಸ್ಪ್ಲಿಂಟು ಮತ್ತು ಊರುಗೋಲಿಗೆ ಕೊಟ್ಟ ದುಡ್ಡು ಮಾತ್ರ ಸಾರ್ಥಕ, ಸರಿಯಾಗಿ ಬಳಸಿದರೆ.

ಕಪಾಟಿನ ಕಡೆ ಹೋಗಲೇಬಾರದ ನೋವು

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡಿದ್ದರೆ, ಅಥವಾ ಗೊತ್ತಾಗದೆ ಹೋಗುತ್ತಿದ್ದರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಮರಗಟ್ಟಿದಂತಿದ್ದರೆ, ಎರಡೂ ಕಾಲು ಸೋಲುತ್ತಿದ್ದರೆ ಅದು ಬೆನ್ನುಹುರಿಯ ಬಾಲದ ನರಗಳು ಅಮುಕಿಕೊಂಡ ಲಕ್ಷಣ. ನಾಳೆ ನೋಡೋಣ ಎನ್ನುವ ಮಾತೇ ಇಲ್ಲ, ಎಂಆರ್‌ಐ ಮತ್ತು ಬೆನ್ನಿನ ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಅಂದೇ ಹೋಗಬೇಕು. ತಡವಾದರೆ ಮೂತ್ರದ ಹಿಡಿತ ಮರಳದೇ ಹೋಗಬಹುದು.

ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಬೆನ್ನಿನ ಒಂದೇ ಎಲುಬನ್ನು ಬೆರಳಿನಿಂದ ತಟ್ಟಿದರೆ ನೋವು: ನಮ್ಮ ಕಡೆ ಇದಕ್ಕೆ ಮೊದಲು ಬೆನ್ನುಮೂಳೆಯ ಕ್ಷಯವನ್ನೇ ಶಂಕಿಸಬೇಕು. ದನ, ಕುರಿ, ಮೇಕೆಯ ಒಡನಾಟ ಇರುವವರು, ಹಸಿ ಹಾಲು ಕುಡಿಯುವವರು ಬಿಟ್ಟು ಬಿಟ್ಟು ಬರುವ ಜ್ವರದ ಜೊತೆ ಸೊಂಟ ಹಿಡಿದಿದೆ ಅಂದರೆ ಜಾನುವಾರುಗಳಿಂದ ಅಂಟುವ ಬ್ರುಸೆಲ್ಲಾ ಸೋಂಕಿನ ರಕ್ತಪರೀಕ್ಷೆ ಮಾಡಿಸಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ಬೆನ್ನುನೋವು, ತಿಂಗಳುಗಟ್ಟಲೆ ಸ್ಟೆರಾಯ್ಡ್ ತಿಂದವರಿಗೆ ಅಥವಾ ವಯಸ್ಸಾದ ಹೆಂಗಸರಿಗೆ ಒಂದು ಸೀನು, ಒಂದು ಗುಂಡಿಯ ಕುಲುಕಾಟದ ನಂತರ ಚಳಕ್ಕೆಂದು ಹಿಡಿದ ನಡುಬೆನ್ನಿನ ನೋವು, ಇವಕ್ಕೆ ಮೊದಲು ಎಕ್ಸ್‌ರೇ, ಆಮೇಲೆ ಮಾತು.

ಒಂದೆರಡು ದಿನದಲ್ಲಿ ಊದಿ ಕೆಂಪಾಗಿ ಬಿಸಿಯಾದ ಮಂಡಿ, ಸ್ವಲ್ಪ ಅಲುಗಿಸಿದರೂ ಕಿರುಚುವಷ್ಟು ನೋವು, ಮೈಯಲ್ಲಿ ಜ್ವರ ಇದ್ದರೆ ಕೀಲಿನೊಳಗೆ ಕೀವು ಇರಬಹುದು. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಆ್ಯಂಟಿಬಯೋಟಿಕ್. ಅಂದಾಜಿನ ಮಾತ್ರೆ ಮೊದಲೇ ಕೊಟ್ಟರೆ ಯಾವ ಕ್ರಿಮಿ ಎಂಬುದು ಗೊತ್ತಾಗದೇ ಹೋಗುತ್ತದೆ. ಎಡ ಭುಜದ ನೋವು ನಡೆದಾಗ ಹೆಚ್ಚಾಗಿ ನಿಂತಾಗ ಇಳಿಯುತ್ತಿದ್ದರೆ, ಜೊತೆಗೆ ಬೆವರಿದ್ದರೆ, ಭುಜ ಬಿಟ್ಟು ಇಸಿಜಿ.

ಇನ್ನೊಂದು ನಮ್ಮ ನೆಲದ್ದೇ ಸಮಸ್ಯೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲೆ ಕಂದು ಕಲೆ, ಹಲಗೆಯಂತೆ ಬಿಗಿದ ಬೆನ್ನು ಮತ್ತು ಕುತ್ತಿಗೆ, ಒಂದೇ ಮನೆಯಲ್ಲಿ ಮೂರು ಜನಕ್ಕೆ ಅದೇ ದೂರು ಇದ್ದರೆ ಬೆಲ್ಟಿನಿಂದ ಏನೂ ಆಗದು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ; ಬೇರೆ ನೀರೇ ಸಿಗದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಸೊಂಟದ ಬೆಲ್ಟು

ಮೇಲಿನ ಯಾವ ಲಕ್ಷಣವೂ ಇಲ್ಲದೆ ಬರುವ ಸೊಂಟ ನೋವೇ ಬಹುಪಾಲು. ಭಾರ ಎತ್ತಿದಾಗ "ಹಿಡ್ಕೊಂಡಿತು" ಎನ್ನುವುದು, ಬೆಳಿಗ್ಗೆ ಎದ್ದಾಗ ಬಗ್ಗಲಾಗದಿರುವುದು, ಸೊಂಟದ ಎರಡೂ ಬದಿಯ ಸ್ನಾಯು ಕಲ್ಲಾಗಿರುವುದು, ಎಲ್ಲ ಈ ಜಾತಿಯದ್ದೇ. ಇದು ನಾಲ್ಕರಿಂದ ಆರು ವಾರದಲ್ಲಿ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಬೆಲ್ಟು ಕೊಂಡವರೂ ಆರು ವಾರದಲ್ಲಿ ಗುಣವಾಗುತ್ತಾರೆ, ಕೊಳ್ಳದವರೂ ಆಗುತ್ತಾರೆ. ಬೆಲ್ಟಿಗೆ ಬಂದ ಒಳ್ಳೆಯ ಹೆಸರಿನಲ್ಲಿ ಬಹುಪಾಲು ಈ ಆರು ವಾರದ್ದು.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯಾಷ್ 1994ರಲ್ಲೇ, ಭಾರ ಎತ್ತುವ ಕೆಲಸದವರಿಗೆ ಪೆಟ್ಟು ತಪ್ಪಿಸಲು ಬೆಲ್ಟು ಹಾಕಿಸುವುದನ್ನು ತಾನು ಶಿಫಾರಸು ಮಾಡುವುದಿಲ್ಲ ಎಂದಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟ ನೋವಿಗೆ ಬೆಲ್ಟು, ಕಾರ್ಸೆಟ್ಟು, ತೂಕ ಕಟ್ಟಿ ಸೊಂಟ ಎಳೆಯುವ ಟ್ರ್ಯಾಕ್ಷನ್ ಮೂರನ್ನೂ ಕೊಡಬೇಡಿ ಎಂದು ಬಿಡಿಸಿ ಹೇಳುತ್ತದೆ. ನಮ್ಮಲ್ಲಿ ಇನ್ನೂ ಎಷ್ಟೋ ಕಡೆ ಹತ್ತು ದಿನ ಟ್ರ್ಯಾಕ್ಷನ್ ಹಾಕಿ ಮಲಗಿಸುವುದುಂಟು. ಹತ್ತು ದಿನದ ಕೂಲಿ ಕಳೆದುಕೊಂಡು ಮಲಗಿದವರ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮಲಗುವುದರಿಂದಲೇ ಗುಣ ನಿಧಾನವಾಗುತ್ತದೆ ಎಂಬುದು 1995ರಲ್ಲಿ ಹೆಲ್ಸಿಂಕಿಯ ನಗರಸಭೆ ನೌಕರರ ಮೇಲೆ ನಡೆದ ಅಧ್ಯಯನದಲ್ಲಿ ಸ್ಪಷ್ಟವಾಗಿತ್ತು. ಎರಡು ದಿನ ಹಾಸಿಗೆ ಹಿಡಿದವರಿಗಿಂತ, ವ್ಯಾಯಾಮ ಕಲಿಸಿಕೊಂಡವರಿಗಿಂತ, ನೋವು ಬಿಟ್ಟಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದ್ದರು.

ಹಾಗಾದರೆ ಬೆಲ್ಟು ಬೇಡವೇ ಬೇಡವೇ? ಒಂದೇ ಸಂದರ್ಭಕ್ಕೆ ಬಿಟ್ಟುಕೊಡಬಹುದು. ನೋವು ಜೋರಾಗಿರುವ ಮೊದಲ ಒಂದೆರಡು ವಾರ, ರಜೆ ಹಾಕಲಾಗದವರು, ಬಸ್ಸಿನಲ್ಲಿ ದೂರ ಹೋಗಲೇಬೇಕಾದವರು ಆ ಒಂದೆರಡು ಗಂಟೆ ಕಟ್ಟಿಕೊಳ್ಳಲಿ. ನಿಂತುಕೊಂಡು, ತೆಳು ಬನಿಯನ್ನಿನ ಮೇಲೆ, ಹಿಂದಿನ ಗಟ್ಟಿ ಪಟ್ಟಿಗಳು ಬೆನ್ನುಮೂಳೆಯ ಎರಡೂ ಬದಿಗೆ ಬರುವಂತೆ ಇಟ್ಟು, ಕೆಳಅಂಚು ಸೊಂಟದ ಮೂಳೆಯನ್ನು ಮುಚ್ಚಿದೆಯೇ ನೋಡಿ, ಉಸಿರು ಬಿಟ್ಟಾಗ ವೆಲ್ಕ್ರೊ ಎಳೆಯಬೇಕು. ಸೀರೆಯ ನೆರಿಗೆಯ ಮೇಲೆ ಕಟ್ಟಿದರೆ ಹತ್ತು ಹೆಜ್ಜೆಗೆ ಪಕ್ಕೆಲುಬಿನ ತನಕ ಏರಿ ಕೂರುತ್ತದೆ, ಅಲ್ಲಿಗೆ ಅದು ಬರೀ ಹೊಟ್ಟೆ ಬಿಗಿಯುವ ಪಟ್ಟಿ. ಪ್ಯಾಂಟಿನ ನಂಬರು ಹೇಳಿ ಸೈಜು ತರಬೇಡಿ. ಪೆಟ್ಟಿಗೆಯ ಚಿತ್ರದಲ್ಲಿ ತೋರಿಸಿದ ಜಾಗಕ್ಕೆ ಟೇಪು ಸುತ್ತಿ ನೋಡಿ. ಮಲಗುವಾಗ ತೆಗೆಯಲೇಬೇಕು. ಬೆಲ್ಟಿನಿಂದ ಆಗುವ ದೊಡ್ಡ ತೊಂದರೆ ಎಂದರೆ "ಇದಿಲ್ಲದೆ ಬಗ್ಗಬಾರದು" ಎಂಬ ಅಂಜಿಕೆ. ವರ್ಷಗಟ್ಟಲೆ ಕಟ್ಟಿಕೊಂಡೇ ತಿರುಗುವವರಲ್ಲಿ ನೋವಿಗಿಂತ ಆ ಅಂಜಿಕೆ ಗಟ್ಟಿಯಾಗಿರುತ್ತದೆ.

ನೋವು ಕಾಲಿಗೆ ಇಳಿಯುತ್ತಿದ್ದರೆ ಒಂದು ಪರೀಕ್ಷೆ ಎಲ್ಲರೂ ಕಲಿಯಬೇಕಾದದ್ದು. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಹಿಮ್ಮಡಿ ಹಿಡಿದು ಕಾಲನ್ನು ನಿಧಾನ ಎತ್ತಬೇಕು. 30ರಿಂದ 70 ಡಿಗ್ರಿಯೊಳಗೆ ಕರೆಂಟು ಹೊಡೆದಂತೆ ನೋವು ಮಂಡಿಯ ಕೆಳಗೆ ಹೋದರೆ ನರ ಎಳೆಯುತ್ತಿದೆ ಎಂದರ್ಥ. ತೊಡೆಯ ಹಿಂಭಾಗ ಬಿಗಿಯುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಎಲ್ಲರಿಗೂ ಬಿಗಿಯುತ್ತದೆ. ಆಮೇಲೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ, ಕಾಲಿನ ಹೆಬ್ಬೆರಳನ್ನು ಒತ್ತಿ ಹಿಡಿದು ಮೇಲೆತ್ತಲು ಹೇಳಿ. ಬಲ ಸರಿ ಇದ್ದರೆ ಡಿಸ್ಕಿನ (ಬೆನ್ನೆಲುಬುಗಳ ನಡುವಿನ ಮೆತ್ತೆಯ) ನೋವಿಗೂ ಆರರಿಂದ ಹನ್ನೆರಡು ವಾರ ಕಾಯಬಹುದು. ಚಪ್ಪಲಿ ಜಾರುತ್ತದೆ, ಪಾದ ಎಳೆಯುತ್ತದೆ ಎಂದರೆ ಕಾಯಬಾರದು.

ಎಂಆರ್‌ಐ ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" (ಡಿಸ್ಕು ಉಬ್ಬಿದೆ) ಎಂದು ಕಂಡೊಡನೆ ಕಂಗಾಲಾಗುವವರಿಗೆ ಒಂದು ಮಾತು. ಯಾವ ನೋವೂ ಇಲ್ಲದ ಜನರ ಸ್ಕ್ಯಾನುಗಳನ್ನು ಒಟ್ಟುಮಾಡಿ 2015ರಲ್ಲಿ ನೋಡಿದಾಗ, ಇಪ್ಪತ್ತರ ಹರೆಯದಲ್ಲೇ ಸುಮಾರು 30 ಶೇಕಡಾ, ಎಂಬತ್ತರಲ್ಲಿ 84 ಶೇಕಡಾ ಮಂದಿಗೆ ಬಲ್ಜ್ ಇತ್ತು. ಕೂದಲು ನೆರೆಯುವ ಹಾಗೆ ಅದೂ ಒಂದು.

ನಲವತ್ತರೊಳಗಿನವರ ನೋವು ಮೂರು ತಿಂಗಳು ದಾಟಿದೆ, ಬೆಳಿಗ್ಗೆ ಅರ್ಧ ಗಂಟೆ ಮೀರಿ ಬಿಗಿ ಇರುತ್ತದೆ, ರಾತ್ರಿಯ ಎರಡನೇ ಹೊತ್ತಿನಲ್ಲಿ ಎಬ್ಬಿಸುತ್ತದೆ, ಓಡಾಡಿದರೆ ಕಡಿಮೆ, ಕೂತರೆ ಹೆಚ್ಚು ಎಂದರೆ ಅದು ಬೇರೆಯೇ ಕಾಯಿಲೆ, ಉರಿಯೂತದಿಂದ ಬೆನ್ನಿನ ಕೀಲು ಬಿಗಿಯುವ ಸಂಧಿವಾತ, ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಸಂಧಿವಾತ ತಜ್ಞರ ಹತ್ತಿರ ಹೋಗಲಿ.

ಜೆಲ್ಲು ಮತ್ತು ಮುಲಾಮು: ಗ್ರಾಮಿನ ಲೆಕ್ಕ

ಡೈಕ್ಲೋಫೆನಾಕ್ ಜೆಲ್ಲು ಮಂಡಿಗೂ ಕೈಬೆರಳ ಕೀಲಿಗೂ ನಿಜವಾಗಿ ಕೆಲಸ ಮಾಡುತ್ತದೆ. ಮಾತ್ರೆಯಷ್ಟು ರಕ್ತಕ್ಕೆ ಸೇರದ ಕಾರಣ ಹೊಟ್ಟೆಗೂ ಕಿಡ್ನಿಗೂ ತೊಂದರೆ ಕಡಿಮೆ. ಸೊಂಟಕ್ಕೆ, ತೊಡೆಸಂದಿನ ಕೀಲಿಗೆ ಮಾತ್ರ ಸಲ್ಲದು. ನೋವಿನ ಜಾಗ ಆಳದಲ್ಲಿದೆ, ಮದ್ದು ಅಲ್ಲಿಗೆ ತಲುಪುವುದಿಲ್ಲ.

ಜನ ಎಡವುವುದು ಪ್ರಮಾಣದಲ್ಲಿ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರು ನಾಲ್ಕು ಸಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ಅಂದರೆ ಒಂದು ಸಲಕ್ಕೆ ಅಂಥ ನಾಲ್ಕರಿಂದ ಎಂಟು ಗೆರೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು 30 ಗ್ರಾಂ ಟ್ಯೂಬು. ಕಡಿಮೆ ಲೆಕ್ಕ ಹಿಡಿದರೂ ಅದು ಐದು ದಿನಕ್ಕೆ ಖಾಲಿ, ಪೂರ್ತಿ ಪ್ರಮಾಣ ಹಚ್ಚಿದರೆ ಎರಡು ದಿನ ಕೂಡ ಬಾರದು. ಕಡಲೆಕಾಳಿನಷ್ಟು ಹಚ್ಚಿ ತಿಂಗಳು ಪೂರ್ತಿ ಒಂದೇ ಟ್ಯೂಬು ನಡೆಸುವವರು "ಜೆಲ್ಲಿನಿಂದ ಏನೂ ಆಗಲಿಲ್ಲ" ಎಂದರೆ, ಅವರು ಜೆಲ್ಲು ಹಚ್ಚಿಯೇ ಇಲ್ಲ ಎಂದು ತಿಳಿಯಬೇಕು. ಎರಡು ವಾರ ಸರಿಯಾದ ಪ್ರಮಾಣದಲ್ಲಿ ಹಚ್ಚಿಯೂ ಗುಣ ಕಾಣದಿದ್ದರೆ ನಿಲ್ಲಿಸಿ, ದುಡ್ಡು ಉಳಿಸಿ.

ಟ್ಯೂಬಿನ ಹಿಂದೆ ಓದಿ. ನಮ್ಮ ಬಹಳಷ್ಟು ಜೆಲ್ಲುಗಳಲ್ಲಿ ಡೈಕ್ಲೋಫೆನಾಕಿನ ಜೊತೆ ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್, ಅಗಸೆ ಎಣ್ಣೆ ಸೇರಿರುತ್ತವೆ. ಆ ತಂಪು, ಆ ಉರಿ, ಆ ವಾಸನೆ ಇವುಗಳದ್ದು. ಇವು ನೋವಿನಿಂದ ಗಮನವನ್ನು ಸ್ವಲ್ಪ ಹೊತ್ತು ಬೇರೆಡೆಗೆ ಸೆಳೆಯುತ್ತವೆ, ಅದೂ ಒಂದು ಉಪಯೋಗವೇ. ಆದರೆ ಇಂಥದ್ದನ್ನು ಹಚ್ಚಿ ಮೇಲೆ ಬಿಸಿನೀರಿನ ಚೀಲ ಇಡಬಾರದು, ಬಿಗಿಯಾಗಿ ಬ್ಯಾಂಡೇಜು ಸುತ್ತಬಾರದು. ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಇದೇ ಎಚ್ಚರಿಕೆ ಕೊಟ್ಟಿತ್ತು. ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುವವರು ಮೀಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮನ್ನು ದಿನವೂ ಮೈತುಂಬ ತಿಕ್ಕಿಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹಚ್ಚಿದ ಮೇಲೆ ಕೈ ತೊಳೆಯಿರಿ. ಮರೆತು ಕಣ್ಣುಜ್ಜಿದವರಿಗೆ ಗೊತ್ತು.

ಅದೇ ಕೌಂಟರಿನಲ್ಲಿ ಸಿಗುವ ಮಾತ್ರೆಯ ಬಗ್ಗೆ ಇಷ್ಟು. ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ಒಂದು ಕಡೆಯಿಂದ, ಡೈಕ್ಲೋಫೆನಾಕನ್ನು ಇನ್ನೊಂದು ಕಡೆಯಿಂದ ತಂದು ಎರಡನ್ನೂ ನುಂಗುವುದು ಸಾಮಾನ್ಯ ತಪ್ಪು. ಎರಡೂ ಒಂದೇ ಬಗೆಯ ಮದ್ದು, ನೋವು ಇಮ್ಮಡಿ ಇಳಿಯದು, ಹೊಟ್ಟೆಯ ಹುಣ್ಣು ಮಾತ್ರ ಹತ್ತಿರವಾಗುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್‌ನಂಥ ಮಾತ್ರೆ, ಜೊತೆಗೆ ನೀರಿಳಿಸುವ ಮಾತ್ರೆ ತಿನ್ನುವವರು ಇದರ ಮೇಲೆ ನೋವಿನ ಮಾತ್ರೆ ಸೇರಿಸಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ಬರೀ ಪ್ಯಾರಾಸಿಟಮಾಲ್ ಹೊಸ ಸೊಂಟ ನೋವನ್ನು ಬೇಗ ಇಳಿಸುವುದಿಲ್ಲ ಎಂಬುದು ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೊಂದರಲ್ಲಿ 2014ರಲ್ಲಿ ಕಂಡಿದೆ.

ಮಂಡಿ ಕ್ಯಾಪು

ನಲವತ್ತೈದು ದಾಟಿದವರು, ನಡೆದಾಗ ಮೆಟ್ಟಿಲು ಇಳಿದಾಗ ನೋವು, ಬೆಳಗಿನ ಬಿಗಿ ಅರ್ಧ ಗಂಟೆಯೊಳಗೆ ಸಡಿಲ: ಇಷ್ಟಿದ್ದರೆ ಸವೆತ ಎಂದು ಹೇಳಲು ಎಕ್ಸ್‌ರೇ ಕೂಡ ಬೇಡ. ಕ್ಯಾಪು ಇಲ್ಲಿ ಕೊಡುವುದು ಬೆಚ್ಚಗಿನ ಹಿತ ಮತ್ತು ಸ್ವಲ್ಪ ಧೈರ್ಯ. ಕೀಲಿನ ಭಾರವನ್ನು ಅದು ಹೊರುವುದಿಲ್ಲ. ಬಿಗಿಯಾದದ್ದು ಮಂಡಿಯ ಹಿಂದೆ ಸುರುಳಿಯಾಗಿ ಸೇರಿ ಹಗ್ಗದಂತೆ ಕಟ್ಟುತ್ತದೆ, ಸಂಜೆಗೆ ಪಾದ ಊದುತ್ತದೆ. ಎರಡು ಬೆರಳು ಒಳಗೆ ತೂರಬೇಕು, ರಾತ್ರಿ ತೆಗೆದಿಡಬೇಕು. ಬದಿಯಲ್ಲಿ ಲೋಹದ ಬಿಜಾಗರಿ ಇರುವ ದುಬಾರಿ ಕ್ಯಾಪು ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಪೆಟ್ಟಾದವರಿಗೆ, ಸವೆತಕ್ಕೆ ಸುಮ್ಮನೆ ಕೊಳ್ಳಬೇಡಿ.

ಅದೇ ದುಡ್ಡಿಗೆ ಇನ್ನೊಂದು ವಸ್ತು ಬರುತ್ತದೆ: ಇಂಡಿಯನ್ ಕಕ್ಕಸಿನ ಮೇಲೆ ಇಡುವ ಕಮೋಡ್ ಸ್ಟೂಲು. ಮಂಡಿ ನೋವಿನವರಿಗೆ ದಿನದ ಅತಿ ಕಷ್ಟದ ಕ್ಷಣ ಕುಕ್ಕರಗಾಲಿನಿಂದ ಏಳುವುದು. ಆ ಒಂದನ್ನು ತಪ್ಪಿಸಿದರೆ ಯಾವ ಕ್ಯಾಪೂ ಕೊಡದ ನೆಮ್ಮದಿ ಸಿಗುತ್ತದೆ. ಪ್ಲಾಸ್ಟಿಕ್ಕಿನದ್ದು ಒದ್ದೆ ನೆಲದಲ್ಲಿ ಸರಿಯುತ್ತದೆ, ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಇರುವ ಕಬ್ಬಿಣದ್ದನ್ನು ಆರಿಸಿ.

ಮಂಡಿಗೆ ನಿಜವಾದ ಬೆಲ್ಟು ತೊಡೆಯ ಮುಂಭಾಗದ ಸ್ನಾಯು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಐದರಿಂದ ಹತ್ತು ಎಣಿಸಿ ಇಳಿಸುವುದು, ಹತ್ತು ಸಲ, ದಿನಕ್ಕೆ ಮೂರು ಸರದಿ. ಆರರಿಂದ ಎಂಟು ವಾರ ಮಾಡದೆ ಫಲ ಎಣಿಸಬೇಡಿ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಕಾಲರ್ ಬಗ್ಗೆ ಉದ್ದ ಬರೆಯುವುದೇನಿಲ್ಲ. ಬರೀ ಕುತ್ತಿಗೆ ನೋವಿಗೆ ಬೇಡ. ಕೈಗೆ ಇಳಿಯುವ ಹೊಸ ನರದ ನೋವಿಗೆ ಕೆಲವು ವಾರ ಹಿತ ಕೊಡಬಹುದು, ಗಲ್ಲ ಮೇಲಕ್ಕೆ ಎತ್ತುವಷ್ಟು ಎತ್ತರದ್ದು ಆಗಬಾರದು. ಕಟ್ಟಿಕೊಂಡು ಗಾಡಿ ಓಡಿಸಬಾರದು, ಪಕ್ಕಕ್ಕೆ ತಿರುಗಿ ನೋಡಲು ಆಗುವುದಿಲ್ಲ. ಅಂಗಿಯ ಗುಂಡಿ ಹಾಕಲು ತಡವರಿಸುವುದು, ನಡಿಗೆ ತೂರಾಡುವುದು ಶುರುವಾಗಿದ್ದರೆ ಬೆನ್ನುಹುರಿಯೇ ಒತ್ತಿಕೊಂಡಿರಬಹುದು, ಕಾಲರ್ ಹಾಕಿ ಕಾಲ ಕಳೆಯಬೇಡಿ. ಚರ್ಮದ ಮೇಲೆ ಸಣ್ಣ ಕರೆಂಟು ಹಾಯಿಸುವ ಟೆನ್ಸ್ ಯಂತ್ರಕ್ಕೂ ದುಡ್ಡು ಹಾಕಬೇಡಿ, ಪೇಸ್‌ಮೇಕರ್ ಇದ್ದವರಂತೂ ಮುಟ್ಟಲೇಬೇಡಿ.

ಮಣಿಕಟ್ಟಿನ ಸ್ಪ್ಲಿಂಟು, ಹೆಬ್ಬೆರಳಿನದ್ದು, ಮೊಣಕೈ ಪಟ್ಟಿ

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಎದ್ದು ಕೈ ಒದರಿದರೆ ಸರಿಹೋಗುವುದು, ಜೋಮು ಹೆಬ್ಬೆರಳು, ತೋರು, ನಡು, ಉಂಗುರ ಬೆರಳಿನ ಅರ್ಧದಲ್ಲಿ ಇರುವುದು: ಇದು ಕಾರ್ಪಲ್ ಟನಲ್, ಮಣಿಕಟ್ಟಿನಲ್ಲಿ ನರ ಇಕ್ಕಟ್ಟಾಗಿರುವುದು. ಬೀಡಿ ಕಟ್ಟುವವರು, ಅಗರಬತ್ತಿ ಹೊಸೆಯುವವರು, ಹೊಲಿಗೆಯವರು, ಬಸುರಿಯರು, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಇರುವವರಲ್ಲಿ ಹೆಚ್ಚು. ಎರಡೂ ಕೈಯ ಹಿಂಭಾಗ ಸೇರಿಸಿ ಮಣಿಕಟ್ಟು ಮಡಿಸಿ ಒಂದು ನಿಮಿಷ ಹಿಡಿದರೆ ಅದೇ ಜೋಮು ಬರುತ್ತದೆ. ಕಿರುಬೆರಳಿನಲ್ಲಿ ಮಾತ್ರ ಜೋಮು ಇದ್ದರೆ ಇದಲ್ಲ, ಮೊಣಕೈಯನ್ನೋ ಕುತ್ತಿಗೆಯನ್ನೋ ನೋಡಬೇಕು.

ಈ ಒಂದು ನೋವಿಗೆ ಕಪಾಟಿನಲ್ಲಿ ಒಳ್ಳೆಯ ಮದ್ದಿದೆ. ಅಂಗೈ ಕಡೆ ಲೋಹದ ಪಟ್ಟಿ ಇರುವ ಮಣಿಕಟ್ಟಿನ ಸ್ಪ್ಲಿಂಟನ್ನು ಆರು ವಾರ ಪ್ರತಿ ರಾತ್ರಿ ಹಾಕಿ ಮಲಗಬೇಕು. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಹಾಕಬೇಡಿ. ಅಂಗೈ ಬದಿಯ ಜೇಬಿನ ಬಾಯಿ ಬಿಡಿಸಿ ಆ ಪಟ್ಟಿಯನ್ನು ಹೊರಗೆಳೆಯಿರಿ. ಹಲವು ಮಾದರಿಗಳಲ್ಲಿ ಅದು ಇಪ್ಪತ್ತು ಮೂವತ್ತು ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಏಕೆಂದರೆ ಪೆಟ್ಟು ಬಿದ್ದ ಮಣಿಕಟ್ಟಿಗೆ ಆ ಬಾಗು ಅನುಕೂಲ. ಕಾರ್ಪಲ್ ಟನಲ್‌ಗೆ ಅದೇ ವೈರಿ: ಕೈ ಹಿಂದಕ್ಕೆ ಬಾಗಿದಷ್ಟೂ ಆ ಇಕ್ಕಟ್ಟಿನಲ್ಲಿ ಒತ್ತಡ ಏರುತ್ತದೆ. ಮೇಜಿನ ಅಂಚಿಗೆ ಇಟ್ಟು ಅಂಗೈಯಿಂದ ಒತ್ತಿ ಪಟ್ಟಿಯನ್ನು ನೇರ ಮಾಡಿ, ಅಂಗೈ ಕುಳಿಗೆ ಕೂರುವ ತುದಿಯ ಸಣ್ಣ ತಿರುವನ್ನು ಹಾಗೇ ಬಿಟ್ಟು, ಮತ್ತೆ ಜೇಬಿಗೆ ತೂರಿಸಿ. ಹಾಕಿಕೊಂಡಾಗ ಮುಂಗೈ ಮತ್ತು ಅಂಗೈ ಒಂದೇ ಗೆರೆಯಲ್ಲಿ ಇರಬೇಕು, ಬೆರಳುಗಳನ್ನು ಪೂರ್ತಿ ಮಡಿಸಲು ಬರಬೇಕು. ಮೂರು ವೆಲ್ಕ್ರೊದಲ್ಲಿ ನಡುವಿನದ್ದನ್ನು ಸಡಿಲ ಬಿಡಿ, ಅದು ಸರಿಯಾಗಿ ನರದ ಮೇಲೇ ಬರುತ್ತದೆ. ಸ್ಪ್ಲಿಂಟಿನಿಂದ ಉಪಯೋಗ ಆಗಲಿಲ್ಲ ಎಂದು ಬಿಟ್ಟವರು ಈ ಪಟ್ಟಿಯನ್ನು ನೇರ ಮಾಡಿ ಇನ್ನೊಮ್ಮೆ ಪ್ರಯತ್ನಿಸುವುದು ಒಳ್ಳೆಯದು. ಹೆಬ್ಬೆರಳ ಬುಡದ ಮಾಂಸ ಕರಗಿ ಚಪ್ಪಟೆಯಾಗಿದ್ದರೆ ಮಾತ್ರ ಕಾಯಬೇಡಿ, ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ಬಾಣಂತಿಯರಲ್ಲಿ, ಕೂಸನ್ನು ಕಂಕುಳಿಗೆ ಕೈಹಾಕಿ ಎತ್ತುವ ತಾಯಂದಿರಲ್ಲಿ ಮಣಿಕಟ್ಟಿನ ಹೆಬ್ಬೆರಳ ಬದಿಗೆ ನೋವು ಬರುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಕೈಯನ್ನು ಕಿರುಬೆರಳ ಕಡೆ ಬಾಗಿಸಿದರೆ ಕಣ್ಣಲ್ಲಿ ನೀರು ಬರುವಷ್ಟು ಚುಚ್ಚುತ್ತದೆ. ಇದಕ್ಕೆ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟೇ ಬೇಕು. ಹೆಬ್ಬೆರಳು ಹೊರಗುಳಿಯುವ ಮಾಮೂಲಿ ಮಣಿಕಟ್ಟಿನ ಪಟ್ಟಿ ಕೊಟ್ಟು ಕಳಿಸುವುದು ತೀರಾ ಸಾಮಾನ್ಯ, ಅದರಿಂದ ಪ್ರಯೋಜನವಿಲ್ಲ. ಕೂಸನ್ನು ಎತ್ತುವಾಗ ಅಂಗೈಯನ್ನು ಮೇಲ್ಮುಖವಾಗಿ ಮಾಡಿ ಮುಂಗೈ ಮೇಲೆ ಹೊತ್ತುಕೊಳ್ಳಲು ಹೇಳಿಕೊಡಿ.

ಬಟ್ಟೆ ಹಿಂಡಿದಾಗ, ಬಿಂದಿಗೆ ಎತ್ತಿದಾಗ ಮೊಣಕೈಯ ಹೊರಬದಿಗೆ ನೋವಾದರೆ ಟೆನಿಸ್ ಎಲ್ಬೊ. ಇದರ ಪಟ್ಟಿಯನ್ನು ನೋಯುವ ಮೂಳೆಯ ಮೇಲೇ ಕಟ್ಟುತ್ತಾರೆ. ತಪ್ಪು. ಮೂಳೆಯಿಂದ ಎರಡು ಬೆರಳು ಕೆಳಗೆ, ಮುಷ್ಟಿ ಬಿಗಿದಾಗ ಉಬ್ಬುವ ಸ್ನಾಯುವಿನ ಮೇಲೆ ಪಟ್ಟಿಯ ದಿಂಬು ಬರಬೇಕು, ಕೆಲಸದ ಹೊತ್ತಿಗೆ ಮಾತ್ರ. ಸ್ಟೆರಾಯ್ಡ್ ಇಂಜೆಕ್ಷನ್ ಆರು ವಾರ ಮಾಯಮಾಡಿ ತೋರಿಸುತ್ತದೆ, ಆದರೆ ವರ್ಷದ ಕೊನೆಗೆ ಇಂಜೆಕ್ಷನ್ ತೆಗೆದುಕೊಳ್ಳದವರೇ ಹೆಚ್ಚು ಚೆನ್ನಾಗಿರುತ್ತಾರೆ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ತೋರಿಸಿವೆ.

ಪಾದದ ಕಡೆಗೆ

ಬೆಳಿಗ್ಗೆ ಮಂಚದಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವ ನೋವಿಗೆ ಸಿಲಿಕಾನ್ ಹೀಲ್ ಕಪ್ಪು ಕೊಡುತ್ತಾರೆ. ವಸ್ತು ಒಳ್ಳೆಯದೇ, ಆದರೆ ಅದು ನಿಲ್ಲುವುದು ಹಿಮ್ಮಡಿ ಮುಚ್ಚುವ ಶೂನಲ್ಲಿ. ಚಪ್ಪಲಿಯಲ್ಲಿ ಇಟ್ಟರೆ ಎರಡು ಹೆಜ್ಜೆಗೆ ಹಿಂದಕ್ಕೆ ಜಾರುತ್ತದೆ. ದಿನದ ಬಹುಪಾಲು ಗ್ರಾನೈಟು, ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವ ಹೆಂಗಸರಿಗೆ ಕಪ್ಪಿಗಿಂತ ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಮೇಲು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹತ್ತು ಎಣಿಸುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಕ್ಸ್‌ರೇಯಲ್ಲಿ ಕಂಡ "ಮೂಳೆ ಮುಳ್ಳಿಗೆ" ಹೆದರಬೇಡಿ, ನೋವಿಲ್ಲದ ಹಿಮ್ಮಡಿಯಲ್ಲೂ ಅದು ಇರುತ್ತದೆ. ಹರೆಯದವರಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಗಿನ ಸೊಂಟದ ಬಿಗಿ ಇದ್ದರೆ ಮೇಲೆ ಹೇಳಿದ ಸಂಧಿವಾತವನ್ನು ನೆನೆಯಿರಿ.

ಪಾದ ಉಳುಕಿದಾಗ ಕ್ರೇಪ್ ಬ್ಯಾಂಡೇಜಿಗೆ ಮುಂಚೆ ಮೂಳೆ ಮುರಿದಿದೆಯೇ ಎಂದು ನೋಡುವ ಸರಳ ಕ್ರಮವನ್ನು 1992ರಲ್ಲಿ ಕೆನಡಾದ ಒಟ್ಟಾವದಲ್ಲಿ ರೂಪಿಸಿದರು. ಹರಡಿನ ಎರಡೂ ಬದಿಯ ಗಂಟುಮೂಳೆಯ ತುದಿ ಅಥವಾ ಹಿಂಅಂಚಿನ ಕೊನೆಯ 6 ಸೆಂಟಿಮೀಟರ್, ಪಾದದ ಹೊರಅಂಚಿನ ನಡುವೆ ಉಬ್ಬಿರುವ ಮೂಳೆ, ಒಳಅಂಚಿನ ಕಮಾನಿನ ಮೇಲಿನ ಮೂಳೆ, ಇವುಗಳಲ್ಲಿ ಎಲ್ಲಿ ಒತ್ತಿದರೂ ನೋವಿಲ್ಲ, ನಾಲ್ಕು ಹೆಜ್ಜೆ ನಡೆಯಲು ಬಂದಿತು ಎಂದರೆ ಎಕ್ಸ್‌ರೇ ಬೇಡ. ಹರಡಿಗೆ 10 ಸೆಂಟಿಮೀಟರ್ ಅಗಲದ ಬ್ಯಾಂಡೇಜು ಸಾಕು. ಬೆರಳುಗಳ ಬುಡದಿಂದ ಮೇಲಕ್ಕೆ, ಹಿಂದಿನ ಸುತ್ತಿನ ಅರ್ಧ ಮುಚ್ಚುತ್ತ, ಹರಡಿನ ಬಳಿ ಎಂಟರ ಆಕಾರದಲ್ಲಿ ಸುತ್ತಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಊತ ಪಾದಕ್ಕೇ ಇಳಿಯುತ್ತದೆ. ಬೆರಳು ತಣ್ಣಗಾದರೆ, ನೀಲಿಯಾದರೆ ತಕ್ಷಣ ಬಿಚ್ಚಿ. ಎಣ್ಣೆ ಹಾಕಿ ನೀವಿ ಉಳುಕು ತೆಗೆಸುವುದನ್ನು ಮೊದಲ ಎರಡು ಮೂರು ದಿನ ಮಾಡಿಸಲೇಬೇಡಿ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ.

ಬಿಸಿನೀರಿನ ಚೀಲ ಮನೆಯಲ್ಲಿ ಇರಲಿ. ಕುದಿಯುವ ನೀರು ಬೇಡ, ಮೂರನೇ ಎರಡು ಭಾಗ ತುಂಬಿ, ಗಾಳಿ ಹಿಂಡಿ ಮುಚ್ಚಿ, ಟವೆಲ್ ಸುತ್ತಿ 15ರಿಂದ 20 ನಿಮಿಷ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರು ಕಾಲಿಗೆ ಇಡಲೇಬಾರದು. ಸುಟ್ಟದ್ದು ಗೊತ್ತಾಗುವುದು ಗುಳ್ಳೆ ಒಡೆದ ಮೇಲೆ.

ಭುಜದ ಜೋಳಿಗೆ, ಕೊನೆಗೆ ಕೋಲು

ಭುಜ ನೋವಿಗೆ ಕೈಯನ್ನು ಜೋಳಿಗೆಯಲ್ಲಿ ನೇತುಹಾಕಿ ಕೂರಿಸುವುದು ಅನ್ಯಾಯ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೇಳಿ. ತಾವಾಗಿಯೂ ಆಗುವುದಿಲ್ಲ, ಪರೀಕ್ಷಿಸುವವರು ತಿರುಗಿಸಿದರೂ ಆಗುವುದಿಲ್ಲ ಎಂದರೆ ಭುಜದ ಕೀಲು ಬಿಗಿದು ಕೂತಿದೆ (ಫ್ರೋಜನ್ ಶೋಲ್ಡರ್). ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ಜೋಳಿಗೆ ಇದನ್ನು ಇನ್ನಷ್ಟು ಬಿಗಿಸುತ್ತದೆ. ಬಾಗಿಲಿಗೆ ತೂಗುಹಾಕುವ ರಾಟೆ ಹಗ್ಗ ಕೊಳ್ಳಿ, ಒಳ್ಳೆಯ ಕೈಯಿಂದ ಎಳೆದು ನೋವಿನ ಕೈಯನ್ನು ಏರಿಸುವುದು, ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ.

ಊರುಗೋಲನ್ನು ಜನ ಮುದಿತನದ ಗುರುತೆಂದು ದೂರ ಇಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಮಂಡಿ ಮತ್ತು ತೊಡೆಸಂದಿನ ಸವೆತಕ್ಕೆ ಇಡೀ ಅಂಗಡಿಯಲ್ಲೇ ಅತ್ಯುತ್ತಮ ಖರೀದಿ ಇದೇ. ಹಿಡಿಯಬೇಕಾದ್ದು ನೋವಿಲ್ಲದ ಬದಿಯ ಕೈಯಲ್ಲಿ. ಬಲ ಮಂಡಿ ನೋವಾದರೆ ಎಡಗೈಯಲ್ಲಿ ಕೋಲು, ಬಲಗಾಲು ಮುಂದಿಡುವಾಗಲೇ ಕೋಲೂ ಮುಂದೆ. ನೋವಿನ ಬದಿಯಲ್ಲೇ ಹಿಡಿದರೆ ಮೈಯೆಲ್ಲ ಆ ಕಾಲಿನ ಮೇಲೆ ವಾಲಿ ಭಾರ ಹೆಚ್ಚುತ್ತದೆ. ಎತ್ತರ ನೋಡಲು ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಡಿ, ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಉದ್ದ ಬದಲಿಸಲು ತೂತುಗಳಿರುವ ಅಲ್ಯೂಮಿನಿಯಂ ಕೋಲು ತನ್ನಿ, ಗುಂಡಿ ತೂತಿನಿಂದ ಪೂರ್ತಿ ಹೊರಬಂದು "ಟಕ್" ಎಂದು ಕೂತಿದೆಯೇ ನೋಡಿ, ಕೆಳಗಿನ ಉಂಗುರ ಬಿಗಿಯಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ನಾಲ್ಕು ಕಾಲಿನ ಕೋಲು ಲಕ್ವ ಹೊಡೆದವರಿಗೆ ಸರಿ, ಬರೀ ಮಂಡಿ ನೋವಿನವರಿಗೆ ಅಗಲದ ಬುಡ ಕಾಲಿಗೇ ತಾಗಿ ಎಡವಿಸುತ್ತದೆ.

ತಿಂಗಳಿಗೊಮ್ಮೆ ಕೋಲನ್ನು ತಲೆಕೆಳಗು ಮಾಡಿ ತುದಿಯ ರಬ್ಬರ್ ಬುಷ್ ನೋಡಿ. ತಳದ ಉಂಗುರದ ಗೆರೆಗಳು ಮಾಸಿ ನುಣ್ಣಗಾಗಿದ್ದರೆ ಒದ್ದೆ ನೆಲದಲ್ಲಿ ಅದು ಸಾಬೂನಿನಂತೆ ಜಾರುತ್ತದೆ. ಹೊಸ ಬುಷ್ ಬಿಡಿಯಾಗಿ ಸಿಗುತ್ತದೆ. ಹಳೆಯದನ್ನು ಕಿತ್ತು ಜೊತೆಗೆ ಒಯ್ಯಿರಿ. ಕೊಳವೆಯ ದಪ್ಪಕ್ಕೆ ಸರಿಹೊಂದದ ಬುಷ್ ನಡೆಯುವಾಗ ಕಳಚಿ ಬೀಳುತ್ತದೆ.